ಆರು ಗಂಟೆಗೆ ಮುಚ್ಚಿದ ಪೆಟ್ಟಿಗೆ

ಕಳೆದ ತಿಂಗಳು ಜಿದ್ದಾದ ಹಳೆಪೇಟೆ ಬಲದ್‌ನಲ್ಲಿ ಹೆಂಡತಿ ನಸೀಮಾಳ ಜೊತೆ ಚಪ್ಪಲಿ ಅಂಗಡಿ ಹುಡುಕುತ್ತ ನಡೆಯುತ್ತಿದ್ದೆ. ಯಾವುದೋ ಅಂಗಡಿಯವರು ಬಾಗಿಲಲ್ಲಿ ಬಖೂರ್ ಹೊಗೆ ಹಾಕಿದ್ದರು. ಕೆಂಡದ ಮೇಲೆ ಸುಡುವ ಊದ್ ಮರದ ಆ ವಾಸನೆ ಇಲ್ಲಿ ಎಲ್ಲರಿಗೂ ಪ್ರೀತಿ. ನನಗೂ ಪ್ರೀತಿಯೇ ಇತ್ತು. ಈಗ ಅದು ಮೂಗಿಗೆ ಬಡಿದರೆ ಸಾಕು, ಕಿವಿ ಬಿಸಿಯಾಗುತ್ತದೆ. ನಸೀಮಾ ನನ್ನ ಮುಖ ನೋಡಿ, "ಹಾಜ್ಯಾರ ಅಂಗಡಿ ಇದ್ದದ್ದು ಇಲ್ಲೇ ಅಲ್ವಾ?" ಎಂದಳು. ನಾನು ತಲೆಯಾಡಿಸಿದೆ. ಉಸ್ಮಾನ್ ಹಾಜಿಯವರ ಅತ್ತರಿನ ಅಂಗಡಿ ಇದ್ದ ಜಾಗದಲ್ಲಿ ಈಗ ಹುಡುಗರು ಕೂತು ಕಾಫಿ ಕುಡಿಯುತ್ತಾರೆ. ಅದರ ಮೇಲಿನ ಕೋಣೆಯಲ್ಲಿ ನಾವು ಒಂದು ಚಳಿಗಾಲವಿಡೀ ಕೂತು ನ್ಯಾಯದ ಬಗ್ಗೆ ಮಾತಾಡಿದ್ದೆವು. ಮಾಡಿದ್ದು ಮಾತ್ರ ಅನ್ಯಾಯ. ಅದರಲ್ಲಿ ನನ್ನ ಕೈಯೂ ಇತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಓದುವವರು ನನ್ನನ್ನು ಒಳ್ಳೆಯವನೆಂದು ತಿಳಿದಾರು.

ನಮ್ಮ ಸಂಘವೆಂದರೆ ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಕಡೆಯಿಂದ ಬಂದು ಜಿದ್ದಾದಲ್ಲಿ ದುಡಿಯುವವರ ಸಂಘ. ವರ್ಷಕ್ಕೊಂದು ವಾರ್ಷಿಕೋತ್ಸವ, ರಮಝಾನಿನಲ್ಲೊಂದು ಇಫ್ತಾರ್, ಯಾರಾದರೂ ತೀರಿಕೊಂಡರೆ ಸಂತಾಪ ಸಭೆ. ಹೊರಗಿನವರಿಗೆ ಕಾಣುವುದು ಇಷ್ಟು. ಆದರೆ ಕಷ್ಟದಲ್ಲಿ ಬಿದ್ದವನಿಗೆ ಅದರ ಲೆಟರ್‌ಹೆಡ್ಡಿನ ಬೆಲೆ ಗೊತ್ತು. ಆಸ್ಪತ್ರೆಯ ಕಚೇರಿಯಲ್ಲಿ, ಲೇಬರ್ ಆಫೀಸಿನಲ್ಲಿ ಮೊದಲು ಕೇಳುವುದೇ "ನೀನು ಯಾರು?" ಎಂದು. "ಸಂಘದ ಅಧ್ಯಕ್ಷ" ಎಂದರೆ ಕುರ್ಚಿ ಸಿಗುತ್ತದೆ. ಬೇರೇನಾದರೂ ಹೇಳಿದರೆ ನಾಳೆ ಬಾ ಎನ್ನುತ್ತಾರೆ.

ಆ ಅಧ್ಯಕ್ಷಗಿರಿ ಬಹಳ ವರ್ಷಗಳಿಂದ ಒಂದೇ ಗುಂಪಿನ ಕೈಯಲ್ಲಿತ್ತು. ಅವರಲ್ಲಿ ನಾಲ್ಕು ಮಂದಿ ಯಾರದೋ ಮನೆಯ ಮಜ್ಲಿಸಿನಲ್ಲಿ ಕೂತು ಹೆಸರು ನಿರ್ಧರಿಸುತ್ತಿದ್ದರು, ಉಳಿದವರು ಸಭೆಯಲ್ಲಿ ಕೈ ಎತ್ತುತ್ತಿದ್ದರು. ಅದನ್ನು ಸಹಿಸಲಾರದೆ ನಾವು ಬೇರೆ ಬಣ ಕಟ್ಟಿದೆವು. ಹಾಜಿಯವರೇ ಮುಂದಾಳು. ನಾವು ಜನರ ಮುಂದೆ ಇಟ್ಟ ಮೊದಲ ಮಾತು ಇದು: ಅಧ್ಯಕ್ಷ ಸ್ಥಾನಕ್ಕೆ ನಮ್ಮ ಅಭ್ಯರ್ಥಿ ಯಾರೆಂದು ಮುಖಂಡರು ಹೇಳುವುದಿಲ್ಲ, ಬಣದ ಸದಸ್ಯರೆಲ್ಲ ಓಟು ಹಾಕಿ ಆರಿಸುತ್ತಾರೆ. ಕ್ಯಾಂಪಿನಲ್ಲಿರುವ ಕೂಲಿಯವನಿಗೂ ಒಂದು ಓಟು, ಮ್ಯಾನೇಜರಿಗೂ ಒಂದೇ ಓಟು. ಆ ಮಾತು ಕೇಳಿಯೇ ಅರ್ಧ ಜನ ನಮ್ಮ ಕಡೆ ಬಂದಿದ್ದರು.

ನಾನು ಬಂದರಿನ ಹತ್ತಿರ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಹಡಗಿನ ಸರಕಿನ ಕಾಗದಪತ್ರ ನೋಡಿಕೊಳ್ಳುವವನು. ಒಂದು ಅಕ್ಷರ ತಪ್ಪಿದರೂ ಕಂಟೇನರ್ ಬಂದರಿನಲ್ಲೇ ನಿಂತುಬಿಡುವ ಕೆಲಸ. ಇಕ್ಬಾಲನಿಗೆ ರೂಲ್ಸ್ ಅಂದರೆ ರೂಲ್ಸ್, ಅವನು ಯಾರ ಜನವೂ ಅಲ್ಲ ಎಂದು ಹೇಳಿ ಹಾಜಿಯವರು ನನ್ನನ್ನೇ ಚುನಾವಣಾಧಿಕಾರಿ ಮಾಡಿದರು. ನಾನು ಉಬ್ಬಿಹೋದೆ.

ಎರಡು ಹೆಸರು ಬಂದವು. ಒಂದು ರಫೀಕ್ ಸರ್. ದೊಡ್ಡ ಕನ್‌ಸ್ಟ್ರಕ್ಷನ್ ಕಂಪೆನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, ಎತ್ತರದ ಆಳು, ಒಳ್ಳೆಯ ಇಂಗ್ಲಿಷ್, ಮೈಕ್ ಹಿಡಿದರೆ ಜನ ಸುಮ್ಮನಾಗುತ್ತಿದ್ದರು. ಕೆಟ್ಟವರಲ್ಲ. ಅದನ್ನೂ ಹೇಳಬೇಕು.

ಇನ್ನೊಂದು ಹಮೀದ್, ನಮಗೆಲ್ಲ ಹಮೀದಾಕ. ಉಳ್ಳಾಲದವರು. ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸುಗಳನ್ನು ಕರೆತರುವ ಬಸ್ಸಿನ ಡ್ರೈವರ್. ಕಲಿತದ್ದು ಐದನೆಯ ಕ್ಲಾಸು, ಆದರೆ ಅರಬಿ ಮಾತಾಡಿದರೆ ಇಲ್ಲಿನವರೇ ತಿರುಗಿ ನೋಡಬೇಕು. ಊರಿನವರು ಯಾರಾದರೂ ಆಸ್ಪತ್ರೆ ಸೇರಿದರೆ, ಯಾರಾದರೂ ಸತ್ತರೆ, ಸಂಘಕ್ಕಿಂತ ಮೊದಲು ಫೋನ್ ಹೋಗುತ್ತಿದ್ದದ್ದು ಅವರಿಗೆ. ನಸೀಮಾಳ ಅಣ್ಣ ಶರೀಫ್ ಮದೀನಾ ರಸ್ತೆಯಲ್ಲಿ ಕಾರು ಉರುಳಿ ತೀರಿಕೊಂಡಾಗ ನಾನು ಊರಿನಲ್ಲಿದ್ದೆ. ಹಮೀದಾಕ ಡ್ಯೂಟಿ ಮುಗಿಸಿ, ಎರಡು ಗಂಟೆಯ ದಾರಿ ಹೋಗಿ, ಶವಾಗಾರದವರ ಹತ್ತಿರ ಮಾತಾಡಿ, ಕಾಗದಗಳಿಗಾಗಿ ಎಂಟು ದಿನ ಓಡಾಡಿದರು. ಮಯ್ಯತ್ತಿಗೆ ಕೊನೆಯ ಸ್ನಾನ ಮಾಡಿಸಿದ್ದೂ ಅವರೇ. ಶರೀಫನ ಕೈಗಡಿಯಾರವನ್ನು ಒರೆಸಿ ಕರ್ಚೀಫಿನಲ್ಲಿ ಸುತ್ತಿ ನಸೀಮಾಳ ಕೈಗೆ ಕೊಟ್ಟು, ಚಹಾ ಕೂಡ ಕುಡಿಯದೆ ಹೋಗಿದ್ದರು.

ಅವರು ಚುನಾವಣೆಗೆ ನಿಂತದ್ದಕ್ಕೆ ಒಂದು ಕಾರಣವಿತ್ತು. ಜಿದ್ದಾದ ದಕ್ಷಿಣಕ್ಕೆ ಇಂಡಸ್ಟ್ರಿಯಲ್ ಏರಿಯಾದ ಒಂದು ಕ್ಯಾಂಪಿನಲ್ಲಿ ನಮ್ಮ ಕಡೆಯ ಮೂವತ್ತನಾಲ್ಕು ಮಂದಿ ಸಿಕ್ಕಿಕೊಂಡಿದ್ದರು. ಕಂಪೆನಿ ಅವರ ಇಕಾಮಾ, ಎಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ನವೀಕರಿಸಿರಲಿಲ್ಲ. ಇಕಾಮಾ ಮುಗಿದವನು ಇಲ್ಲಿ ಇದ್ದೂ ಇಲ್ಲದವನು. ಜ್ವರ ಬಂದರೆ ಆಸ್ಪತ್ರೆಗೆ ಹೋಗುವ ಹಾಗಿಲ್ಲ, ದಾರಿಯಲ್ಲಿ ಚೆಕಿಂಗ್ ಸಿಕ್ಕಿದರೆ ಲಾಕಪ್ಪು, ಊರಿಗೆ ಹೊರಡಲು ಎಕ್ಸಿಟ್ ಸಿಗುವುದಿಲ್ಲ. ಮೂಡುಬಿದಿರೆಯ ಕಡೆಯ ಸಂಜೀವ ಎಂಬವನು ಅವರಲ್ಲಿ ಸ್ವಲ್ಪ ಮಾತಾಡುವವನು. ಅವನ ತಾಯಿ ಊರಿನಲ್ಲಿ ಹಾಸಿಗೆ ಹಿಡಿದಿದ್ದರು. ಹಮೀದಾಕ ಅವರ ಪರವಾಗಿ ಮೂರು ಸಲ ಲೇಬರ್ ಆಫೀಸಿಗೆ ಹೋಗಿದ್ದರು. ಮೂರು ಸಲವೂ "ನೀನು ಯಾರು?" ಎಂದು ಕೇಳಿದ್ದರು. ಆಗಿನ ಅಧ್ಯಕ್ಷರ ಹತ್ತಿರ ಒಂದು ಪತ್ರ ಕೇಳಿದರೆ ವಾರ್ಷಿಕೋತ್ಸವ ಮುಗಿಯಲಿ ಎಂದಿದ್ದರಂತೆ.

"ಅಧ್ಯಕ್ಷ ಆಗುದು ನನಗೆ ದೊಡ್ಡ ಸಂಗತಿ ಅಲ್ಲ," ಎಂದು ನಾಮಪತ್ರ ಕೊಡುವಾಗ ನನ್ನ ಹತ್ತಿರ ಹೇಳಿದ್ದರು. "ಆ ಲೇಬರ್ ಆಫೀಸಿನ ಕಿಟಕಿಯಲ್ಲಿ ಹೇಳ್ಲಿಕ್ಕೆ ಒಂದು ಹೆಸರು ಬೇಕು ಮಾರಾಯ, ಅಷ್ಟೆ."

ಹಾಜಿಯವರ ಮೇಲಿನ ಕೋಣೆಯಲ್ಲಿ ಸಭೆ ಸೇರಿತು. ಕೆಳಗಿನಿಂದ ಊದಿನ ಹೊಗೆ ಮೆಟ್ಟಿಲೇರಿ ಬರುತ್ತಿತ್ತು. ಹೊರಗೆ ಜಿದ್ದಾದ ಆ ನಾಲ್ಕು ವಾರಗಳ ಚಳಿ. ಚಳಿ ಎನ್ನುವುದೂ ಹೆಚ್ಚಾಯಿತು, ಎ.ಸಿ. ಬಂದ್ ಮಾಡಿ ಕಿಟಕಿ ತೆರೆದರೆ ಸಮುದ್ರದ ಗಾಳಿ ಬರುವ ದಿನಗಳು. ಹಾಜಿಯವರು ಎಲ್ಲರಿಗೂ ಖಾವಾ ಕಾಫಿ ಕೊಡಿಸಿ, ಮೆತ್ತಗೆ ಶುರುಮಾಡಿದರು.

"ಹಮೀದ್ ನಮ್ಮ ಕಣ್ಣು. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಾವು ಗೆಲ್ಬೇಕಾ ಬೇಡ್ವಾ? ಅದನ್ನು ಹೇಳಿ."

"ಗೆಲ್ಬೇಕು," ಎಂದರು ಎಲ್ಲರೂ.

"ಗೆಲ್ಲಿಕ್ಕೆ ಫ್ಯಾಮಿಲಿಯವರ ಓಟು ಬೇಕು. ಡಾಕ್ಟರ್‌ಗಳು, ಇಂಜಿನಿಯರ್‌ಗಳು, ಅವರ ಹೆಂಗಸರು. ಅವರು ಬಸ್ ಡ್ರೈವರಿಗೆ ಓಟು ಹಾಕ್ತಾರಾ? ನಾನು ಹಾಕ್ತೇನೆ. ನೀವೂ ಹಾಕ್ತೀರಿ. ಜನ ಹಾಕುದಿಲ್ಲ. ಜನ ಇನ್ನೂ ಆ ಮಟ್ಟಕ್ಕೆ ಬರ್ಲಿಲ್ಲ."

ಹಮೀದಾಕ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕದಲ್ಲಿ ಕೂತಿದ್ದರು. ಆಸ್ಪತ್ರೆಯ ಯೂನಿಫಾರ್ಮಿನಲ್ಲೇ ಬಂದಿದ್ದರು.

"ಹಾಜ್ಯಾರೇ," ಎಂದರು, "ನೀವು ಹಾಕ್ತೀರಿ. ಇವರು ಹಾಕ್ತಾರೆ. ಆ ಕಡೆ ಕೂತವರೂ ಹಾಕ್ತಾರೆ. ಹಾಗಾದ್ರೆ ಹಾಕದ ಜನ ಯಾರು? ಒಬ್ಬನ ಹೆಸರು ಹೇಳಿ. ನಾನು ಹೋಗಿ ಕೇಳ್ತೇನೆ ಅವನ ಹತ್ರ."

ಯಾರೂ ಹೆಸರು ಹೇಳಲಿಲ್ಲ. ರಫೀಕ್ ಸರ್ ನೆಲ ನೋಡುತ್ತಿದ್ದರು. ಹಾಜಿಯವರು ನಕ್ಕು, "ಹಾಗೆಲ್ಲ ಹೆಸರು ಹಿಡಿದು ಹೇಳ್ಲಿಕ್ಕೆ ಆಗ್ತದಾ ಹಮೀದ್? ಇದು ರಾಜಕೀಯ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದೇ ಹೊತ್ತಿಗೆ ಅಮೆರಿಕದ ಒಂದು ಪಕ್ಷದೊಳಗೆ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಯಾರಾಗಬೇಕೆಂಬ ಪೈಪೋಟಿ ನಡೆಯುತ್ತಿತ್ತು. ನನ್ನ ಮಗಳು ಶಿಫಾ ಇಂಡಿಯನ್ ಸ್ಕೂಲಿನಲ್ಲಿ ಹತ್ತನೆಯ ಕ್ಲಾಸು. ಅವರ ಶಾಲೆಯ ಡಿಬೇಟಿಗೆ ಅದೇ ವಿಷಯ ಕೊಟ್ಟಿದ್ದರು: ಪಕ್ಷ ತನ್ನೊಳಗಿನ ಆಯ್ಕೆಯಲ್ಲಿ ನ್ಯಾಯ ನೋಡಬೇಕೋ, ಗೆಲ್ಲುವವನನ್ನು ನೋಡಬೇಕೋ. ಅವಳು ಗೆಲುವಿನ ಪರ ಮಾತಾಡಬೇಕಿತ್ತು. ಊಟದ ಮೇಜಿನ ಮುಂದೆ ನನ್ನನ್ನು ಕೂರಿಸಿ ಅಭ್ಯಾಸ ಮಾಡುತ್ತಿದ್ದಳು. ಟಿ.ವಿ.ಯಲ್ಲಿ ಅಲ್ಲಿನ ಮತದಾರರು ಒಬ್ಬರಾದ ಮೇಲೊಬ್ಬರು ಹೇಳುತ್ತಿದ್ದರು: ನನಗೆ ಇಷ್ಟ ಆ ಅಭ್ಯರ್ಥಿ, ಆದರೆ ಉಳಿದವರು ಒಪ್ಪಲಾರರು, ಅದಕ್ಕೇ ಇವರಿಗೆ ಹಾಕುತ್ತೇನೆ.

"ಉಪ್ಪಾ, ಇದು ಫನ್ನಿ ಅಲ್ವಾ?" ಎಂದಳು ಶಿಫಾ. "ಎಲ್ಲರೂ ಪಕ್ಕದ ಮನೆಯವರು ಯಾರಿಗೆ ಹಾಕ್ತಾರೆ ಅಂತ ಗೆಸ್ ಮಾಡ್ತಾರೆ. ಪಕ್ಕದ ಮನೆಯವರೂ ಇವರನ್ನು ಗೆಸ್ ಮಾಡ್ತಾ ಇರ್ತಾರೆ. ಹಾಗಾದ್ರೆ ರಿಯಲ್ ಓಟು ಯಾರದ್ದು?"

"ನೀನು ಗೆಲುವಿನ ಪರ ಮಾತಾಡುದಲ್ವಾ?" ಎಂದೆ.

"ಹೌದು. ಟೀಚರ್ ಕೊಟ್ಟದ್ದು. ಆದ್ರೆ ಹೇಳುವಾಗ ನನಗೇ ನಂಬಿಕೆ ಬರುದಿಲ್ಲ."

ನನಗೂ ನಂಬಿಕೆ ಇರಲಿಲ್ಲ. ಆದರೆ ನಾನು ಚುನಾವಣಾಧಿಕಾರಿ; ಯಾರ ಪರವೂ ಇಲ್ಲದವನು. ಆ ಪದವಿಯನ್ನು ಕಂಬಳಿಯ ಹಾಗೆ ಹೊದ್ದುಕೊಂಡಿದ್ದೆ.

ಮತದಾರರ ಪಟ್ಟಿಗೆ ಹೆಸರು ಸೇರಿಸಲು ನಾನೇ ಕೊನೆಯ ದಿನ ಗೊತ್ತುಮಾಡಿದ್ದೆ. ಆ ದಿನ ಮುಗಿದು ಎರಡು ದಿನಕ್ಕೆ ಹಾಜಿಯವರು ಫೋನ್ ಮಾಡಿದರು. ರಫೀಕರ ಕಂಪೆನಿಯ ಇಪ್ಪತ್ತೈದು ಮಂದಿಗೆ ಹೆಸರು ಕೊಡಲು ಆಗಿಲ್ಲವಂತೆ, ಸೈಟಿನಲ್ಲಿ ಕೆಲಸ ಜಾಸ್ತಿಯಂತೆ. "ಒಂದು ವಾರ ಕೊಡು ಇಕ್ಬಾಲ್. ಜನ ಜಾಸ್ತಿ ಬಂದ್ರೆ ಒಳ್ಳೆದೇ ಅಲ್ವಾ? ರೂಲ್ಸ್ ಜನರಿಗಾಗಿ ಇರುದು." ಆ ಮಾತು ನನಗೆ ಸರಿಯೆನಿಸಿತು. ಹಿರಿಯರು ಕೇಳಿದ್ದಾರೆ, ದೊಡ್ಡ ವಿಷಯವೇನಲ್ಲ. ಒಂದು ವಾರ ಕೊಟ್ಟೆ. ಹಮೀದಾಕನಿಗೆ ತಿಳಿಸಿದಾಗ, "ಆಗ್ಲಿ, ಬರ್ಲಿ ಅವರೂ," ಎಂದಷ್ಟೇ ಹೇಳಿದರು.

ಮತದಾನ ಒಂದು ಶುಕ್ರವಾರ, ಮಧ್ಯಾಹ್ನ ಮೂರರಿಂದ ಸಂಜೆ ಆರರವರೆಗೆ. ಜಿದ್ದಾದ ಹೊರಗೆ, ಇಲ್ಲಿನವರು ಇಸ್ತಿರಾಹ ಎನ್ನುವ ಒಂದು ಬಾಡಿಗೆಯ ತೋಟದ ಮನೆಯಲ್ಲಿ. ಬೆಳಿಗ್ಗೆಯೇ ಆಕಾಶ ಬೂದಿಯಾಗಿತ್ತು. ಜುಮಾ ನಮಾಝ್ ಮುಗಿಸಿ ಹೊರಟಾಗ ಎಲ್ಲರ ಫೋನೂ ಒಟ್ಟಿಗೆ ಕಿರುಚಿತು: ಭಾರೀ ಮಳೆಯ ಎಚ್ಚರಿಕೆ. ಜಿದ್ದಾದಲ್ಲಿ ಮಳೆ ಎಂದರೆ ಊರಿನವರಿಗೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ನಾಲ್ಕು ತಿಂಗಳು ಸುರಿದರೂ ನೀರು ಹರಿದು ಹೋಗುತ್ತದೆ. ಇಲ್ಲಿ ಒಂದು ಗಂಟೆ ಸುರಿದರೆ ಅಂಡರ್‌ಪಾಸುಗಳು ಕೆರೆಯಾಗುತ್ತವೆ, ಕಾರುಗಳು ಆಟಿಕೆಯ ಹಾಗೆ ತೇಲುತ್ತವೆ.

ಮೂರೂವರೆಗೆ ಮಳೆ ಇಳಿಯಿತು. ದೊಡ್ಡ ಗಾಡಿಗಳಿದ್ದವರು ಬಂದು ಓಟು ಹಾಕಿದರು. ಬಿರಿಯಾನಿ ಬಡಿಸಿದರು, ಪೊಟ್ಟಣ ಕಟ್ಟಿಕೊಂಡು ಹೋದರು. ರಫೀಕ್ ಸರ್ ಕಂಪೆನಿಯವರು ಮೂರು ಕೋಸ್ಟರ್ ಬಸ್ಸುಗಳಲ್ಲಿ ಮಳೆಗೆ ಮೊದಲೇ ಬಂದಾಗಿತ್ತು. ನಾಲ್ಕೂವರೆಗೆ ಹಮೀದಾಕನ ಫೋನ್ ಬಂತು. ಆಚೆ ಕಡೆ ಗಾಳಿಯ ಸದ್ದು.

"ಇಕ್ಬಾಲ್, ಕ್ಯಾಂಪಿನ ಬಸ್ಸು ಅಂಡರ್‌ಪಾಸಿನ ಹತ್ರ ನಿಂತಿದೆ. ಮುಂದೆ ಹೋಗ್ಲಿಕ್ಕೆ ಪೊಲೀಸ್ ಬಿಡುದಿಲ್ಲ. ನಾವು ಇಳಿದು ನಡೀತಾ ಇದ್ದೇವೆ. ಮೂವತ್ತನಾಲ್ಕು ಮಂದಿಯೂ ಇದ್ದಾರೆ. ಬರ್ತೇವೆ, ಸ್ವಲ್ಪ ತಡ ಆದೀತು."

"ಪೊಲೀಸ್ ಇದ್ದಾರಾ? ಇವರ ಇಕಾಮಾ..."

"ಗೊತ್ತುಂಟು. ಇವರಿಗೂ ಗೊತ್ತುಂಟು. ಮಳೆಯಲ್ಲಿ ಯಾರು ಚೆಕಿಂಗ್ ಮಾಡ್ತಾರೆ ಬಿಡು." ಅವರು ನಕ್ಕರು. ಆಮೇಲೆ, "ಬಾಗಿಲು ತೆರೆದಿಡು ಆಯ್ತಾ," ಎಂದರು.

ನಾನು ಹಾಜಿಯವರ ಹತ್ತಿರ ಹೋದೆ. ಮತದಾನವನ್ನು ಮುಂದಿನ ವಾರಕ್ಕೆ ಹಾಕಬಹುದೇ ಎಂದೆ. ಆಗಲಿಕ್ಕಿಲ್ಲ ಎಂದರು, ಬಂದವರಿಗೆ ಇನ್ನೊಮ್ಮೆ ಬನ್ನಿ ಎಂದು ಹೇಳುವುದು ಸರಿಯಲ್ಲ. ಹಾಗಾದರೆ ಅರ್ಧ ಗಂಟೆ ಹೆಚ್ಚು ಕೊಡೋಣ ಎಂದೆ. ಅವರು ನನ್ನ ಹೆಗಲ ಮೇಲೆ ಕೈ ಇಟ್ಟರು. "ಇಕ್ಬಾಲ್, ನೋಟಿಸಿನಲ್ಲಿ ಆರು ಅಂತ ಉಂಟು. ನಿನ್ನದೇ ಸೈನ್. ನಾಳೆ ಯಾರಾದ್ರೂ ಕೇಳಿದ್ರೆ ನಿನ್ನ ಹೆಸರು ಹಾಳಾಗುದು. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಒಂದು ಅಂತ ಇಲ್ಲ. ರೂಲ್ಸ್ ಅಂದ್ರೆ ರೂಲ್ಸ್."

ಹತ್ತು ದಿನಗಳ ಹಿಂದೆ ರೂಲ್ಸ್ ಜನರಿಗಾಗಿ ಇರುವುದು ಎಂದವರು ಇವರೇ. ನನಗೆ ಆಗಲೇ ಅದು ಹೊಳೆದಿತ್ತು. ಹೊಳೆಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಾಯಿ ಬಿಡಲಿಲ್ಲ, ಅಷ್ಟೇ. ಸುತ್ತ ನಿಂತವರೆಲ್ಲ ದೊಡ್ಡ ಮಂದಿ. ಶಿಫಾಳ ಟ್ಯೂಷನ್ನಿಗೆ, ನನ್ನ ವೀಸಾ ಬದಲಾವಣೆಗೆ, ಒಂದಲ್ಲ ಒಂದಕ್ಕೆ ಸಹಾಯ ಮಾಡಿದವರು. ಮಗ್ರಿಬ್ ಬಾಂಗ್ ಆಯಿತು. ಅಲ್ಲೇ ಚಾಪೆ ಹಾಸಿ ನಮಾಝ್ ಮಾಡಿದೆವು. ಹಾಜಿಯವರೇ ಮುಂದೆ ನಿಂತರು. ಎದ್ದಾಗ ಆರಕ್ಕೆ ಐದು ನಿಮಿಷ. ಗೇಟಿನ ಹತ್ತಿರ ಹೋಗಿ ನೋಡಿದೆ. ರಸ್ತೆಯಲ್ಲಿ ನೀರು, ಯಾರೂ ಇಲ್ಲ.

"ಆರು ಆಯ್ತು," ಎಂದರು ಹಾಜಿಯವರು.

ನಾನು ಪೆಟ್ಟಿಗೆಯ ಬಾಯಿಗೆ ಟೇಪು ಹಾಕಿ ಅದರ ಮೇಲೆ ಸಹಿ ಮಾಡಿದೆ.

ಆರು ಇಪ್ಪತ್ತಕ್ಕೆ ಅವರು ಬಂದರು. ತೊಡೆಯವರೆಗೆ ಕೆಸರು, ಕೈಯಲ್ಲಿ ಚಪ್ಪಲಿ, ಕೆಲವರ ತಲೆಗೆ ಪ್ಲಾಸ್ಟಿಕ್ ಚೀಲ. ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಗೇಟಿನೊಳಗೆ ಬಂದರು. ಮುಂದೆ ಹಮೀದಾಕ, ಪಕ್ಕದಲ್ಲಿ ಸಂಜೀವ. ಬಿರಿಯಾನಿಯ ಪಾತ್ರೆಗಳನ್ನು ಆಗಲೇ ತೊಳೆಯುತ್ತಿದ್ದರು.

ಸಂಜೀವ ಏದುಸಿರು ಬಿಡುತ್ತ, "ಸಾರಿ ಸರ್, ದಾರಿಯಲ್ಲಿ ಇವರಿಗೆಲ್ಲ ನಮಾಝಿಗೆ ಹೊತ್ತಾಯ್ತು. ಪೆಟ್ರೋಲ್ ಪಂಪಿನ ಮಸೀದಿಯಲ್ಲಿ ನಿಂತೆವು. ನಾನು ಚಪ್ಪಲಿ ಕಾದೆ. ಅದಕ್ಕೇ ತಡ ಆದದ್ದು," ಎಂದ. ತಪ್ಪು ಮಾಡಿದವನ ಹಾಗೆ ಕೈ ಕಟ್ಟಿ ನಿಂತಿದ್ದ.

ಹಮೀದಾಕ ಪೆಟ್ಟಿಗೆ ನೋಡಿದರು. ಟೇಪಿನ ಮೇಲಿನ ಸಹಿ ನೋಡಿದರು.

"ಮುಚ್ಚಿದ್ದು ನೀನಾ?"

"ಹೌದು ಹಮೀದಾಕ. ಆರು ಗಂಟೆಗೆ..."

"ಸರಿ," ಎಂದರು. ತಿರುಗಿ ತಮ್ಮವರ ಹತ್ತಿರ, "ಬನ್ನಿ, ಕೈಕಾಲು ತೊಳ್ಕೊಳ್ಳಿ. ಇಲ್ಲಿ ನಳ್ಳಿ ಉಂಟು," ಎಂದರು.

ಎಣಿಸಿದಾಗ ರಫೀಕ್ ಸರ್ ಹನ್ನೊಂದು ಓಟುಗಳಿಂದ ಗೆದ್ದಿದ್ದರು. ಅಂಗಳದಲ್ಲಿ ಮೂವತ್ತನಾಲ್ಕು ಮಂದಿ ಕಾಲು ತೊಳೆಯುತ್ತಿದ್ದರು. ಲೆಕ್ಕ ಯಾರಿಗೂ ಕಷ್ಟವಿರಲಿಲ್ಲ. ಆದರೂ ಚಪ್ಪಾಳೆ ತಟ್ಟಿದರು. ರಫೀಕ್ ಸರ್ ಎದ್ದು, ಹೀಗೆ ಗೆಲ್ಲುವುದು ತನಗೆ ಸರಿ ಕಾಣುವುದಿಲ್ಲ ಎಂದು ಏನೋ ಹೇಳಲು ಹೊರಟರು. ಹಾಜಿಯವರು ಅವರಿಗೆ ಹಾರ ಹಾಕಿಬಿಟ್ಟರು. ಹಾರ ಬಿದ್ದ ಮೇಲೆ ಅವರೂ ಸುಮ್ಮನಾದರು.

ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ರೂಲ್ಸಿನ ಮಾತನ್ನು ಎರಡು ಸಲ ಹೇಳಿದೆ. ಶಿಫಾ ಪುಸ್ತಕದಿಂದ ತಲೆ ಎತ್ತಿ, "ಆದ್ರೆ ಉಪ್ಪಾ, ಅವರಿಗೆ ಒಂದು ವಾರ ಕೊಟ್ಟಿದ್ರಲ್ಲ?" ಎಂದಳು. ನಸೀಮಾ ಅಕ್ಕಿ ತೊಳೆಯುತ್ತಿದ್ದಳು. ನಳ್ಳಿ ನಿಲ್ಲಿಸಿದಳು.

"ನನ್ನ ಅಣ್ಣನ ಮೈ ತೊಳೆದವರು ಅವರು," ಎಂದಳು. "ನಿಮ್ಮ ಹತ್ರ ಅವರು ಕೇಳಿದ್ದು ಇಪ್ಪತ್ತು ನಿಮಿಷ."

ಅದಾದ ಮೇಲೆ ನಾಲ್ಕು ದಿನ ಅವಳು ನನ್ನೊಡನೆ ಮಾತಾಡಲಿಲ್ಲ.

ಎರಡು ವಾರಕ್ಕೆ ಸಂಘದ ದೊಡ್ಡ ಚುನಾವಣೆ. ನಮ್ಮ ಗೆಲ್ಲುವ ಅಭ್ಯರ್ಥಿ ಸೋತರು. ಸೋತದ್ದು ಹನ್ನೊಂದರಿಂದಲ್ಲ, ಅದರ ಹತ್ತು ಪಟ್ಟಿಗಿಂತ ಹೆಚ್ಚಿನ ಅಂತರದಿಂದ. ನಾವು ಯಾರ ಓಟಿಗಾಗಿ ಇಷ್ಟೆಲ್ಲ ಮಾಡಿದೆವೋ ಆ ಫ್ಯಾಮಿಲಿಯವರು ಮನೆಯಿಂದ ಹೊರಡಲೇ ಇಲ್ಲ. ಆ ಕಡೆ ಒಬ್ಬ ಮ್ಯಾನೇಜರ್, ಈ ಕಡೆ ಒಬ್ಬ ಮ್ಯಾನೇಜರ್. ಯಾರು ಬಂದರೆ ಏನು ಎಂದು ಅವರಿಗೆ ಅನಿಸಿರಬೇಕು. ಹಮೀದಾಕನ ಆಸ್ಪತ್ರೆಯ ಒಬ್ಬ ಡಾಕ್ಟರಮ್ಮ, ಕುಂದಾಪುರದವರು, ಆಮೇಲೆ ನಸೀಮಾಳ ಹತ್ತಿರ ಹೇಳಿದರಂತೆ: "ನಮ್ಮ ಬಸ್ಸಿನ ಹಮೀದಣ್ಣ ನಿಲ್ತಾರೆ ಅಂತ ಕೇಳಿದ್ದೆವು. ನಿಂತಿದ್ರೆ ನಾವು ಹದಿನೈದು ಮಂದಿ ಬರ್ತಿದ್ದೆವು. ಇವರೆಲ್ಲ ಯಾರು ಅಂತಲೇ ನಮಗೆ ಗೊತ್ತಿಲ್ಲ."

ಇಷ್ಟಾದರೂ ನಾನು ತಡೆದುಕೊಂಡಿದ್ದೆನೇನೋ. ತಡೆಯಲಾಗದ್ದು ಮರುದಿನ ನಡೆಯಿತು. ಬಣದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬೊಬ್ಬರಾಗಿ ಬರೆಯತೊಡಗಿದರು. ನಾವು ಸೋತದ್ದು ಹಮೀದನಿಂದ. ಕ್ಯಾಂಪಿನವರನ್ನು ತಡೆದಿಟ್ಟದ್ದು ಅವನು. ಒಳಗಿದ್ದೇ ಚೂರಿ ಹಾಕಿದ. ಹಾಜಿಯವರು ಹಾಗೆ ಬರೆಯಲಿಲ್ಲ; "ಕೆಲವರಿಗೆ ಸೋಲನ್ನು ಒಪ್ಪಿಕೊಳ್ಳಲು ಬರುವುದಿಲ್ಲ, ಅಲ್ಲಾಹನು ಎಲ್ಲರಿಗೂ ಒಳ್ಳೆಯ ಬುದ್ಧಿ ಕೊಡಲಿ," ಎಂದು ಬರೆದರು.

ಚುನಾವಣೆಯ ದಿನ ಹಮೀದಾಕ ಎಲ್ಲಿದ್ದರೆಂದು ನಾನು ಕಣ್ಣಾರೆ ಕಂಡಿದ್ದೆ. ಬೆಳಿಗ್ಗೆಯಿಂದ ಗೇಟಿನ ಹತ್ತಿರ ಬಿಸಿಲಿನಲ್ಲಿ ನಿಂತು, ಬಂದವರಿಗೆಲ್ಲ ರಫೀಕ್ ಸರ್ ಹೆಸರಿನ ಚೀಟಿ ಕೊಡುತ್ತಿದ್ದರು. ಕ್ಯಾಂಪಿನವರನ್ನು ಕರೆಯಲು ಹೋಗಿದ್ದರು ಕೂಡ. ಅವರು ಬರಲಿಲ್ಲ. ಯಾಕೆ ಬರಬೇಕಿತ್ತು? ಪೊಲೀಸರ ಎದುರಿನಿಂದ, ಮಳೆಯಲ್ಲಿ, ಮುಗಿದ ಇಕಾಮಾ ಜೇಬಿನಲ್ಲಿಟ್ಟುಕೊಂಡು ಒಮ್ಮೆ ಬಂದಿದ್ದರಲ್ಲ. ನಾವು ಅವರಿಗೆ ತೋರಿಸಿದ್ದು ನಳ್ಳಿ.

ಆಫೀಸಿನಲ್ಲಿ ಕೆಲಸ ಬಿಟ್ಟು ಕೂತು ಗುಂಪಿಗೆ ಉದ್ದದ ಸಂದೇಶ ಬರೆದೆ. ಕೊನೆಯ ದಿನ ಮುಗಿದ ಮೇಲೆ ಒಂದು ವಾರ ಕೊಟ್ಟದ್ದು, ಯಾರು ಕೇಳಿದ್ದು, ಮಳೆಯ ದಿನ ಅರ್ಧ ಗಂಟೆ ಕೊಡದೇ ಇದ್ದದ್ದು, ಯಾರು ಬೇಡವೆಂದದ್ದು, ಟೇಪು ಹಾಕಿದ್ದು ನಾನೇ ಎಂಬುದು, ಗೇಟಿನಲ್ಲಿ ಹಮೀದಾಕ ನಿಂತದ್ದು, ಎಲ್ಲವನ್ನೂ ಬರೆದೆ. ಕೊನೆಗೆ, ಹಮೀದಾಕ ಗೆಲ್ಲುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ, ಅದನ್ನು ತಿಳಿಯುವ ಅವಕಾಶವನ್ನು ನಾವೇ ಮುಚ್ಚಿದೆವು ಎಂದು ಬರೆದೆ. ಐದು ನಿಮಿಷದೊಳಗೆ ನನ್ನನ್ನು ಗುಂಪಿನಿಂದ ತೆಗೆದುಹಾಕಿದರು. ಆ ಸಂದೇಶವನ್ನು ಎಷ್ಟು ಮಂದಿ ಓದಿದರೋ ತಿಳಿಯದು.

ಸಂಜೆ ಹಮೀದಾಕನ ರೂಮಿಗೆ ಹೋದೆ. ಅವರು ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದರು. ನಾನು ಮಾಫಿ ಕೇಳಿದೆ. ಅವರು ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ, ಅಂಗಿಯನ್ನು ಮಡಚಿಟ್ಟರು.

"ಇಪ್ಪತ್ತು ನಿಮಿಷ ಕೊಡ್ಲಿಲ್ಲ ಅಂತ ನನಗೆ ಬೇಜಾರಿಲ್ಲ ಇಕ್ಬಾಲ್," ಎಂದರು. "ರೂಲ್ಸ್ ಅಂದ್ರೆ ರೂಲ್ಸ್. ಅವರಿಗೆ ಒಂದು ವಾರ ಕೊಟ್ಟೆಯಲ್ಲ, ಅದು ಬೇಜಾರು. ಅದನ್ನು ನಾನು ಮರೀಲಿಕ್ಕೆ ನೋಡ್ತೇನೆ. ಮರೀತದಾ ಗೊತ್ತಿಲ್ಲ."

ಅಲ್ಲಿಂದ ಏಳುವ ಮೊದಲು, "ನಿನಗೆ ಅರಬಿಯಲ್ಲಿ ಅರ್ಜಿ ಬರೀಲಿಕ್ಕೆ ಬರ್ತದಲ್ಲ?" ಎಂದು ಕೇಳಿದರು.

ಹಾಗೆ ಆ ಚಳಿಗಾಲದ ಉಳಿದ ದಿನಗಳು, ಆಮೇಲಿನ ಬೇಸಿಗೆಯ ಅರ್ಧ, ನಾನು ರಜೆ ಹಾಕಿ ಅವರ ಜೊತೆ ಲೇಬರ್ ಆಫೀಸಿಗೆ ಅಲೆದೆ. ಮೂವತ್ತನಾಲ್ಕು ಮಂದಿಯ ಪಾಸ್‌ಪೋರ್ಟ್ ಪ್ರತಿ, ಕರಾರುಪತ್ರ, ಅರ್ಜಿ ಎಲ್ಲವನ್ನೂ ಹಡಗಿನ ಕಾಗದಗಳ ಹಾಗೆ ಜೋಡಿಸಿದೆ. ಹೊಸ ಅಧ್ಯಕ್ಷರ ಹತ್ತಿರ ಪತ್ರ ಕೇಳಿದೆವು. ಕಮಿಟಿಯಲ್ಲಿ ಇಡಬೇಕು ಎಂದರು, ಕಮಿಟಿ ಸೇರಲೇ ಇಲ್ಲ. ಕಿಟಕಿಯಲ್ಲಿದ್ದ ಅಧಿಕಾರಿ ಪ್ರತಿಸಲವೂ ಹಮೀದಾಕನನ್ನು ಕೇಳುತ್ತಿದ್ದ: "ಇವರಿಗೆ ನೀನು ಏನಾಗಬೇಕು?" ಅವರು ಪ್ರತಿಸಲವೂ, "ಸವ್ವಾಕ್," ಎನ್ನುತ್ತಿದ್ದರು. ಡ್ರೈವರ್. ಅಧಿಕಾರಿ ನಾಳೆ ಬಾ ಎನ್ನುತ್ತಿದ್ದ. ನಾನು ಪಕ್ಕದಲ್ಲಿ ಫೈಲು ಹಿಡಿದು ನಿಂತಿರುತ್ತಿದ್ದೆ. ನನ್ನ ತಲೆ ತಗ್ಗಿದ್ದು ಆ ಅಧಿಕಾರಿಯ ಎದುರಿಗಲ್ಲ.

ಐದು ತಿಂಗಳ ಮೇಲೆ ಅವರಲ್ಲಿ ಹೆಚ್ಚಿನವರಿಗೆ ಬೇರೆ ಕಂಪೆನಿಗೆ ಬದಲಾಗಲು ಅವಕಾಶ ಸಿಕ್ಕಿತು. ಸಂಜೀವನಿಗೆ ಎಕ್ಸಿಟ್ ಸಿಕ್ಕಿತು. ಅವನ ತಾಯಿ ತೀರಿಹೋಗಿ ಆಗ ಹದಿನಾರು ದಿನವಾಗಿತ್ತು. ಏರ್‌ಪೋರ್ಟಿನಲ್ಲಿ ಅವನು ಹಮೀದಾಕನ ಕಾಲು ಹಿಡಿಯಲು ಬಗ್ಗಿದ. ಅವರು ಅವನನ್ನು ಎತ್ತಿ, "ಎಂತ ಮಾರಾಯ ಇದೆಲ್ಲ, ಯಲ್ಲಾ, ಹೊರಡು," ಎಂದು ಬೆನ್ನು ತಟ್ಟಿದರು. ಒಂದು ಲೆಟರ್‌ಹೆಡ್ ಇದ್ದಿದ್ದರೆ ಹದಿನೇಳು ದಿನ ಮೊದಲೇ ಆಗುತ್ತಿತ್ತೇ? ಆಗುತ್ತಿತ್ತು ಎಂದು ಆಣೆ ಮಾಡಿ ಹೇಳಲಾರೆ. ಆದರೆ ಆ ಪ್ರಶ್ನೆಯನ್ನು ಇಟ್ಟುಕೊಂಡು ಬದುಕಬೇಕಾದವರು ಯಾರು? ಅತ್ತರು ಮಾರುತ್ತ ಕೂತ ಹಾಜಿಯವರಿಗೆ ಸಂಜೀವನ ಹೆಸರೂ ಗೊತ್ತಿರಲಿಲ್ಲ.

ಹಮೀದಾಕ ಈಗ ಉಳ್ಳಾಲದಲ್ಲಿದ್ದಾರೆ. ಬಲದ್‌ನಿಂದ ಬಂದ ಸಂಜೆ ಅವರಿಗೆ ಫೋನ್ ಮಾಡಿದೆ. ಮೊಣಕಾಲು ನೋವು, ಮೀನಿಗೆ ರುಚಿಯಿಲ್ಲ, ಮೊಮ್ಮಗಳು ಬೈಕ್ ಕೇಳುತ್ತಾಳೆ ಎಂದೆಲ್ಲ ಹೇಳಿದರು. ಆಮೇಲೆ, "ಈ ಸಲ ಸಂಘದಲ್ಲಿ ಯಾರು ನಿಂತಿದ್ದಾರೆ?" ಎಂದು ಕೇಳಿದರು.

"ನಮ್ಮ ಹಳೆ ಬಣದಿಂದ ಒಬ್ಬಳು ನರ್ಸಿನ ಹೆಸರು ಬಂದಿದೆ," ಎಂದೆ. "ಕಾರ್ಕಳದ ಕಡೆಯವಳು. ಕೊರೋನಾ ಟೈಮಲ್ಲಿ ತುಂಬ ಜನರಿಗೆ ಆದವಳು, ಒಳ್ಳೆ ಹುಡುಗಿ. ಆದ್ರೆ ಗೆಲ್ಲುದು ಕಷ್ಟ ಹಮೀದಾಕ. ನಮ್ಮ ಜನ..."

ಅಷ್ಟರಲ್ಲಿ ನನ್ನ ಮಾತು ನನಗೇ ಕೇಳಿಸಿತು. ನಾಲಿಗೆ ಅಲ್ಲೇ ನಿಂತಿತು. ಆಚೆ ಕಡೆ ಎಲ್ಲೋ ಒಂದು ರಿಕ್ಷಾ ಹೋದ ಸದ್ದು ಬಂತು.

"ನೀನು ಹಾಕ್ತೀಯಾ ಅವಳಿಗೆ?" ಎಂದರು.

"ಹಾಕ್ತೇನೆ."

"ಒಂದು ಆಯ್ತಲ್ಲ," ಎಂದರು ಹಮೀದಾಕ. "ಇನ್ನು ನಸೀಮಾಳನ್ನು ಕೇಳು."